ಮೈಸೂರು ಯುದ್ಧ ಕಲಿಸಬೇಕೆ? ಮೊದಲು ಭೂಪಟ ಬಿಚ್ಚಿ

ಆಂಗ್ಲೋ-ಮೈಸೂರು ಯುದ್ಧಗಳು ನಮ್ಮ ಮಕ್ಕಳ ಬಾಯಲ್ಲಿ ಮಗ್ಗಿಯ ಥರ ಬರುತ್ತವೆ. ಒಂದನೆಯದು ಮದ್ರಾಸ್ ಒಪ್ಪಂದ, ಎರಡನೆಯದು ಮಂಗಳೂರು ಒಪ್ಪಂದ, ಮೂರನೆಯದು ಶ್ರೀರಂಗಪಟ್ಟಣ ಒಪ್ಪಂದ, ನಾಲ್ಕನೆಯದರಲ್ಲಿ ಟಿಪ್ಪು ಸತ್ತ. ಎರಡು ಅಂಕದ ಪ್ರಶ್ನೆಗೆ ಇಷ್ಟು ಧಾರಾಳ. ಆದರೆ ಎರಡನೇ ಯುದ್ಧ 1780ರಲ್ಲೇ ಯಾಕೆ ಶುರುವಾಯಿತು ಅಂತ ಕೇಳಿ ನೋಡಿ, ತರಗತಿ ತೆಪ್ಪಗಾಗುತ್ತದೆ. ಅದಕ್ಕೆ ಉತ್ತರ ಹುಡುಕಲು ಅಮೆರಿಕದವರೆಗೆ ಹೋಗಬೇಕು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಮೊದಮೊದಲು ಈ ಪಾಠವನ್ನು ನಾನೂ ರಾಜರಿಂದಲೇ ಶುರು ಮಾಡುತ್ತಿದ್ದೆ. ಒಂದು ವರ್ಷ, ಹೈದರನ ಹುಟ್ಟೂರು ಕೋಲಾರದ ಬೂದಿಕೋಟೆ ಎಂದು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಟಿಪ್ಪು ಒಳ್ಳೆಯವನಾ ಕೆಟ್ಟವನಾ ಮಿಸ್?" ಮನೆಯಲ್ಲಿ ಕೇಳಿದ್ದು, ಟೀವಿಯಲ್ಲಿ ನೋಡಿದ್ದು ಎಲ್ಲವನ್ನೂ ಮಕ್ಕಳು ಅಲ್ಲೇ ಸುರಿದರು. ಗಂಟೆ ಬಾರಿಸುವ ಹೊತ್ತಿಗೆ ಇಬ್ಬರು ಸ್ನೇಹಿತರು ಮಾತು ಬಿಟ್ಟಿದ್ದರು. ಬೋರ್ಡಿನ ಮೇಲೆ ಬೂದಿಕೋಟೆಯ ಮುಂದೆ ಒಂದಕ್ಷರವೂ ಬರಲಿಲ್ಲ. ಮಾರನೆಯ ವರ್ಷದಿಂದ ಭೂಪಟದಿಂದ ಶುರು ಮಾಡಿದೆ. ಇದನ್ನು ಮನೆಯಲ್ಲೂ ಮಾಡಬಹುದು. ಎಂಟನೇ ತರಗತಿಯಿಂದ ಮೇಲಿನ ಮಕ್ಕಳಾದರೆ ಒಳ್ಳೆಯದು. ನಾಲ್ಕೈದು ಸಂಜೆ ಮತ್ತು ಒಂದು ಭಾನುವಾರ ಎತ್ತಿಟ್ಟುಕೊಳ್ಳಿ.

1. ಗೋಡೆ ಸಿದ್ಧ ಮಾಡಿ

ಸ್ಟೇಷನರಿ ಅಂಗಡಿಯಲ್ಲಿ ಸಿಗುವ ದೊಡ್ಡ ಪ್ರಪಂಚ ಭೂಪಟ, ಗುಂಡುಪಿನ್ನು, ಮೂರು ಬಣ್ಣದ ಉಣ್ಣೆ ದಾರ ಬೇಕು. ಕೆಂಪು ದಾರ ಸೈನ್ಯಕ್ಕೆ, ಹಳದಿ ಸರಕಿಗೆ ಮತ್ತು ಹಣಕ್ಕೆ, ಬಿಳಿ ಸುದ್ದಿಗೆ. ಲಂಡನ್, ಪ್ಯಾರಿಸ್, ಬಾಸ್ಟನ್, ಮಾರಿಷಸ್, ಕೈರೋ, ಮದ್ರಾಸ್, ಶ್ರೀರಂಗಪಟ್ಟಣ, ಇಷ್ಟಕ್ಕೆ ಪಿನ್ನು ಚುಚ್ಚಿಸಿ. ಮಾಹೆಯನ್ನು ಮಾತ್ರ ನೀವು ತೋರಿಸಬೇಡಿ, ಅವರೇ ಹುಡುಕಲಿ. ಪ್ರಪಂಚದ ನಕ್ಷೆಯಲ್ಲಿ ಆ ಹೆಸರು ಸಿಗುವುದಿಲ್ಲ, ಅಟ್ಲಾಸ್ ತೆರೆಯಲೇಬೇಕು. ಕೇರಳದ ಕಣ್ಣೂರಿನ ಹತ್ತಿರ, ಇವತ್ತಿಗೂ ಪುದುಚೇರಿಗೆ ಸೇರಿದ ಆ ಪುಟ್ಟ ಊರು ಸಿಕ್ಕಾಗ "ಇಲ್ಲಿ ಕೇರಳದ ಮಧ್ಯೆ ಪುದುಚೇರಿ ಯಾಕಿದೆ?" ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ನಿಮಗೆ ಬೇಕಾಗಿದ್ದೂ ಅದೇ.

2. ಮಾಹೆಯಲ್ಲಿ ನಿಂತು ಹಿಂದಕ್ಕೆ ನಡೆಯಿರಿ

1780ರ ಜುಲೈನಲ್ಲಿ ಹೈದರಾಲಿ ದೊಡ್ಡ ದಂಡಿನೊಂದಿಗೆ ಘಟ್ಟ ಇಳಿದು, ಇಂಗ್ಲಿಷರ ಪಕ್ಷದ ನವಾಬನಿದ್ದ ಆರ್ಕಾಟಿನ ಸೀಮೆಗೆ ನುಗ್ಗಿದ. ಈಗ ಮಕ್ಕಳ ಕೆಲಸ ಒಂದೇ, ಪ್ರತಿ ಉತ್ತರಕ್ಕೂ ಇನ್ನೊಂದು "ಯಾಕೆ" ಕೇಳುವುದು.

ಯಾಕೆ ಬಂದ? ಮಾಹೆ ಫ್ರೆಂಚರ ಬಂದರು. ಹೈದರನಿಗೆ ಮದ್ದುಗುಂಡು, ಬಂದೂಕು ಬಂದಿಳಿಯುತ್ತಿದ್ದ ಬಾಗಿಲು. ಅದು ತನ್ನ ರಕ್ಷಣೆಯಲ್ಲಿದೆ ಎಂದು ಅವನು ಎಚ್ಚರಿಸಿದ್ದರೂ 1779ರ ಮಾರ್ಚಿನಲ್ಲಿ ಇಂಗ್ಲಿಷರು ಹಿಡಿದುಕೊಂಡರು. ಇಂಗ್ಲಿಷರು ಯಾಕೆ ಹಿಡಿದರು? ಫ್ರಾನ್ಸ್ ಜೊತೆ ಯುದ್ಧ ನಡೆಯುತ್ತಿತ್ತು. ಯಾಕೆ ಯುದ್ಧ? ಇಂಗ್ಲೆಂಡಿನ ವಿರುದ್ಧ ದಂಗೆ ಎದ್ದ ಅಮೆರಿಕದ ವಸಾಹತುಗಳಿಗೆ 1778ರಲ್ಲಿ ಫ್ರಾನ್ಸ್ ಬೆಂಬಲವಾಗಿ ನಿಂತಿತು. ಅವರು ಯಾಕೆ ದಂಗೆ ಎದ್ದರು? ತೆರಿಗೆ, ಮತ್ತೆ ಚಹಾ.

ಇಲ್ಲಿ ಸ್ವಲ್ಪ ನಿಲ್ಲಿ, ಹಳದಿ ದಾರ ತೆಗೆಯಿರಿ. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ತೆರಿಗೆ ವಿರೋಧಿಸಿದವರು ನೀರಿಗೆ ಎಸೆದದ್ದು ಈಸ್ಟ್ ಇಂಡಿಯಾ ಕಂಪನಿಯ ಚಹಾ, 342 ಪೆಟ್ಟಿಗೆ. ಭಾರತದ ಚಹಾ ಇರಬೇಕು ಎಂದು ಮಕ್ಕಳು ಊಹಿಸುತ್ತಾರೆ. ಅದು ಚೀನಾದ್ದು. ನಮ್ಮಲ್ಲಿ ಆಗಿನ್ನೂ ಚಹಾ ತೋಟಗಳೇ ಇರಲಿಲ್ಲ. ಆ ಚಹಾವನ್ನು ಅಮೆರಿಕದ ತಲೆಗೆ ಕಟ್ಟುವಷ್ಟು ಕಂಪನಿಗೆ ಗತಿಗೆಟ್ಟದ್ದು ಯಾಕೆ? 1769ರಲ್ಲಿ ಹೈದರನ ಕೈ ಮೇಲಾಗುತ್ತಿರುವ ಸುದ್ದಿ ಮುಟ್ಟಿ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿದಿತ್ತು. ಮರುವರ್ಷ ಬಂಗಾಳದಲ್ಲಿ ಭೀಕರ ಬರ. 1772ರ ಹೊತ್ತಿಗೆ ಕಂಪನಿ ಸರ್ಕಾರದ ಮುಂದೆ ಸಾಲಕ್ಕೆ ಕೈಯೊಡ್ಡಿತು. ಗೋದಾಮಿನಲ್ಲಿ ಬಿದ್ದಿದ್ದ ಚಹಾ ಖರ್ಚಾಗಲಿ ಎಂದು 1773ರಲ್ಲಿ ಕಾನೂನು ಬಂತು. ದಾರ ಶ್ರೀರಂಗಪಟ್ಟಣದಿಂದ ಹೊರಟು ಲಂಡನ್, ಬಾಸ್ಟನ್, ಪ್ಯಾರಿಸ್, ಮಾಹೆ ಸುತ್ತಿ ಮತ್ತೆ ಶ್ರೀರಂಗಪಟ್ಟಣಕ್ಕೇ ಬಂತು!

ಹುಷಾರಾಗಿರಬೇಕಾದದ್ದೂ ಇಲ್ಲೇ. ಮಕ್ಕಳು ಖುಷಿಯಲ್ಲಿ "ಹಾಗಾದ್ರೆ ಅಮೆರಿಕಕ್ಕೆ ಸ್ವಾತಂತ್ರ್ಯ ಕೊಡ್ಸಿದ್ದೇ ಹೈದರಾಲಿ" ಅಂದುಬಿಡುತ್ತಾರೆ. ಒಂದು ಹಗ್ಗಕ್ಕೆ ಹತ್ತು ಎಳೆ ಇರುತ್ತವೆ, ಇದು ಅದರಲ್ಲೊಂದು, ಅದೂ ತೆಳುವಾದದ್ದು ಅಂತ ಅಲ್ಲೇ ಹೇಳಿ. ಬಂಗಾಳದ ಬರ, ಕಂಪನಿ ನೌಕರರ ಲೂಟಿ, ಸಾಲ ಕೊಟ್ಟ ಬ್ಯಾಂಕುಗಳು ಮುಳುಗಿದ್ದು ಇವೆಲ್ಲ ದಪ್ಪ ಎಳೆಗಳು.

3. ತಡವಾದ ಪತ್ರದ ಆಟ

ನನ್ನ ಮಟ್ಟಿಗೆ ಇಡೀ ಪಾಠದ ಜೀವ ಇದು. ಬಿಟ್ಟರೆ ಬೇರೆ ಏನನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಮಕ್ಕಳನ್ನು ನಾಲ್ಕು ಗುಂಪು ಮಾಡಿ: ಲಂಡನ್-ಪ್ಯಾರಿಸ್ ಒಂದು, ಕಡಲೂರಿನ ಕೋಟೆಯಲ್ಲಿರುವ ಫ್ರೆಂಚರು ಒಂದು, ಕೋಟೆಗೆ ಮುತ್ತಿಗೆ ಹಾಕಿರುವ ಇಂಗ್ಲಿಷರು ಒಂದು, ಇಂಗ್ಲಿಷರು ಹಿಡಿದಿದ್ದ ಮಂಗಳೂರಿಗೆ ಮುತ್ತಿಗೆ ಹಾಕಿರುವ ಟಿಪ್ಪುವಿನ ದಂಡು ಒಂದು. ಹೈದರ 1782ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದಾನೆ. ಒಂದು ನಿಮಿಷಕ್ಕೆ ಒಂದು ತಿಂಗಳ ಲೆಕ್ಕ. ಪ್ರತಿ ಗುಂಪಿಗೂ ಇಪ್ಪತ್ತು ಹುಣಸೆ ಬೀಜ ಕೊಡಿ, ಅವೇ ಸೈನಿಕರು. ಕಾದಾಡುವ ಗುಂಪು ಪ್ರತಿ ನಿಮಿಷವೂ ಎರಡು ಬೀಜ ಡಬ್ಬಿಗೆ ಹಾಕಬೇಕು.

"1783ರ ಜನವರಿ" ಎಂದು ಹೇಳಿ ಲಂಡನ್ ಗುಂಪಿನಿಂದ ಒಂದು ಚೀಟಿ ಬರೆಸಿ: ಯುದ್ಧ ನಿಲ್ಲಿಸಲು ಒಪ್ಪಂದವಾಗಿದೆ. ಒಬ್ಬ ಹುಡುಗ ಆ ಚೀಟಿ ಹಿಡಿದು ಕಾರಿಡಾರಿನಲ್ಲಿ ಐದು ನಿಮಿಷ ನಿಧಾನವಾಗಿ ನಡೆಯಲಿ. ಅವನೇ ಹಡಗು, ಆಫ್ರಿಕಾದ ಬುಡ ಸುತ್ತಿ ಬರಬೇಕು. ಒಳಗೆ ಬೀಜಗಳು ಡಬ್ಬಿಗೆ ಬೀಳುತ್ತಲೇ ಇರುತ್ತವೆ, ಟಕ್ ಟಕ್. ಜೂನ್ ತಿಂಗಳ ನಿಮಿಷದಲ್ಲಿ ಸಮುದ್ರದ ಮೇಲೆ ಸಫ್ರೆನ್‌ನ ಫ್ರೆಂಚ್ ನೌಕಾಪಡೆ, ನೆಲದ ಮೇಲೆ ಬುಸ್ಸಿಯ ಸೈನ್ಯ ಕಾದಾಡುತ್ತಿವೆ. ಜೂನ್ ಕೊನೆಗೆ ಚೀಟಿ ಒಳಗೆ ಬರುತ್ತದೆ. ಓದಿಸಿ. ಆಮೇಲೆ ಡಬ್ಬಿಯ ಬೀಜ ಎಣಿಸಿ.

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಟ್ಟಕಡೆಯ ಕದನ ನಡೆದದ್ದು ತಮಿಳುನಾಡಿನ ಕಡಲೂರಿನಲ್ಲಿ ಎಂದು ಕೆಲವು ಇತಿಹಾಸಕಾರರು ಹೇಳುವುದು ಇದಕ್ಕೇ. ನನ್ನ ತರಗತಿಯಲ್ಲಿ ಒಬ್ಬಳು ಬೀಜ ಎಣಿಸಿ ಮುಗಿಸಿದವಳೇ ಹಡಗಾಗಿದ್ದ ಹುಡುಗನ ಮೇಲೆ ಹರಿಹಾಯ್ದಳು: "ಬೇಗ ಬರೋಕೇನಾಗಿತ್ತೋ ನಿಂಗೆ!" ಅವನು ಪಾಪ, "ಮಿಸ್ಸೇ ನಿಧಾನ ನಡಿ ಅಂದ್ರು" ಅಂದ.

ಟಿಪ್ಪುವಿನ ಗುಂಪನ್ನು ಮರೆಯಬೇಡಿ. ಅವರ ಜೊತೆ ಮಂಗಳೂರಿನಲ್ಲಿದ್ದ ಫ್ರೆಂಚ್ ಸೈನಿಕರು ಈ ಸುದ್ದಿ ಬಂದದ್ದೇ ಕೈಬಿಟ್ಟು ಎದ್ದು ಹೋದರು. ಯೂರೋಪಿನಲ್ಲಿ ಆದ ಒಪ್ಪಂದಕ್ಕೆ ಟಿಪ್ಪುವನ್ನು ಯಾರೂ ಕೇಳಿರಲಿಲ್ಲ. ಅವನ ಒಪ್ಪಂದ ಬೇರೆಯಾಗಿ, 1784ರ ಮಾರ್ಚಿನಲ್ಲಿ, ಮಂಗಳೂರಿನಲ್ಲಿ ಆಯಿತು.

4. ಎತ್ತಿನ ಲೆಕ್ಕ ಹಾಕಿಸಿ

ಯುದ್ಧ ಅಂದರೆ ಮಕ್ಕಳ ಕಣ್ಣಿಗೆ ಕತ್ತಿ, ಕುದುರೆ. ಎತ್ತು ಯಾರಿಗೂ ಕಾಣುವುದಿಲ್ಲ. ಮೂರನೇ ಯುದ್ಧದಲ್ಲಿ, 1791ರ ಮಾರ್ಚ್ 21ರ ರಾತ್ರಿ, ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲೀಸ್ ಬೆಂಗಳೂರು ಕೋಟೆ ಹಿಡಿದ. ಕೆ.ಆರ್. ಮಾರುಕಟ್ಟೆ ಬಳಿ ಉಳಿದಿರುವ ಕೋಟೆಯಲ್ಲಿ ಗೋಡೆ ಒಡೆದ ಜಾಗವನ್ನು ಗುರುತಿಸುವ ಕಲ್ಲಿನ ಫಲಕ ಇವತ್ತಿಗೂ ಇದೆ. ಮೇ ತಿಂಗಳಲ್ಲಿ ಅವನು ಶ್ರೀರಂಗಪಟ್ಟಣದ ಹೊಸ್ತಿಲಿಗೇ ಬಂದ. ಆದರೆ ಮೇವಿಲ್ಲದೆ ಎತ್ತುಗಳು ಸಾಲಾಗಿ ಸತ್ತವು, ಸೈನಿಕರಿಗೆ ಅಕ್ಕಿ ತೀರಿತು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಹಿಂದಿರುಗಿದ. ಮುಂದಿನ ವರ್ಷ ಅವನನ್ನು ಗೆಲುವಿನ ದಡ ಮುಟ್ಟಿಸಿದವರಲ್ಲಿ ಎತ್ತಿನ ಹಿಂಡಿನ ಮೇಲೆ ದವಸ ಹೇರಿಕೊಂಡು ಬರುತ್ತಿದ್ದ ಲಂಬಾಣಿ ವ್ಯಾಪಾರಿಗಳೂ ಇದ್ದರು. ಇತ್ತ ಹೈದರ, ಟಿಪ್ಪು ಬೆಳೆಸಿದ್ದ ಅಮೃತ ಮಹಲ್ ಎತ್ತುಗಳು ಫಿರಂಗಿ ಎಳೆದುಕೊಂಡು ಓಡುತ್ತಿದ್ದವು. 1799ರ ನಂತರ ಆ ತಳಿಯನ್ನೂ ಕಂಪನಿಯೇ ವಶಕ್ಕೆ ತೆಗೆದುಕೊಂಡಿತು.

ಹಳ್ಳಿ ಶಾಲೆಯಾದರೆ ಇಲ್ಲಿ ನೀವು ಸುಮ್ಮನಿರಿ, ಮಕ್ಕಳೇ ಹೇಳುತ್ತಾರೆ. ಒಂದು ಜೊತೆ ಎತ್ತಿಗೆ ದಿನಕ್ಕೆ ಎಷ್ಟು ಹುಲ್ಲು, ಎಷ್ಟು ನೀರು? ಅದನ್ನು ಸಾವಿರ ಜೊತೆಯಿಂದ ಗುಣಿಸಿ. ಅಷ್ಟು ಹುಲ್ಲು ಯಾರ ಬಣವೆಯಿಂದ ಬಂತು? ದಂಡು ಹಾದುಹೋದ ಊರಿನ ರೈತ ಆ ವರ್ಷ ಏನು ತಿಂದ?

5. ದಾರಗಳನ್ನು ಹೊರಕ್ಕೆ ಎಳೆಯಿರಿ

ಪರಿಣಾಮಗಳನ್ನು ಪಟ್ಟಿ ಮಾಡಿ ಬರೆಸಬೇಡಿ. ಪ್ರತಿ ಮಗುವಿಗೂ ಒಂದೊಂದು ದಾರ ಕೊಟ್ಟು ಎಲ್ಲಿಗೆ ಹೋಗುತ್ತದೆ ಎಂದು ಹುಡುಕಲು ಬಿಡಿ.

ಅಮೆರಿಕದವರ ಒಂದು ಯುದ್ಧ ಹಡಗಿನ ಹೆಸರೇ 'ಹೈದರ್ ಅಲಿ'. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು 'ಜನರಲ್ ಮಂಕ್' ಎಂಬ ಇಂಗ್ಲಿಷ್ ಹಡಗನ್ನು ಸೆರೆಹಿಡಿಯಿತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದ ಕಾರ್ನ್‌ವಾಲೀಸನೇ ಹನ್ನೊಂದು ವರ್ಷದ ಮೇಲೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಎಳೆಯ ಮಕ್ಕಳಿಬ್ಬರನ್ನು ಒತ್ತೆಯಾಗಿ ಪಡೆದ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳನ್ನು ವರ್ಸೇಲ್ಸ್ ಅರಮನೆಯಲ್ಲಿ ಬರಮಾಡಿಕೊಂಡ ಹದಿನಾರನೇ ಲೂಯಿಯ ಕಾಲಬುಡದಲ್ಲೇ ಮರುವರ್ಷ ಕ್ರಾಂತಿ ಎದ್ದಿತು. 1798ರಲ್ಲಿ, ಆಗ ಫ್ರೆಂಚರ ಕೈಯಲ್ಲಿದ್ದ ಮಾರಿಷಸ್‌ನಿಂದ ದೊಡ್ಡ ಸೈನ್ಯ ಬರುತ್ತದೆಂದು ಟಿಪ್ಪು ಕಾದ. ಮಂಗಳೂರಿನಲ್ಲಿ ಇಳಿದವರು ನೂರು ಜನರ ಆಸುಪಾಸು. ಅದೇ ವರ್ಷ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ. 1799ರಲ್ಲಿ ನಾಲ್ಕನೇ ಯುದ್ಧ ಹೂಡಲು ಇಷ್ಟೇ ಸಾಕಾಯಿತು ಗವರ್ನರ್ ಜನರಲ್ ವೆಲ್ಲೆಸ್ಲಿಗೆ. ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಮತ್ತೊಂದು ಮುಟ್ಟದ ಪತ್ರ!

ರಾಕೆಟ್ಟಿನ ದಾರ ಎಲ್ಲಕ್ಕಿಂತ ಉದ್ದ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಾಳುಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಇಂಥವನ್ನೇ ನೋಡಿ ಇಂಗ್ಲೆಂಡಿನ ವೂಲಿಚ್‌ನಲ್ಲಿ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ಅವು 1807ರಲ್ಲಿ ಕೋಪನ್‌ಹೇಗನ್ ಸುಟ್ಟವು, 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಹಾರಿದವು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ಟಿನ ಕೆಂಪು ಬೆಳಕು ಇದೇ.

ಮನೆಯ ಹತ್ತಿರದ ದಾರವೂ ಒಂದಿದೆ. 1799ರ ನಂತರ ಕರಾವಳಿ ಕಂಪನಿಗೆ ಹೋಯಿತು. ಬಳ್ಳಾರಿ ಸೀಮೆ ನಿಜಾಮನ ಪಾಲಾಗಿ, 1800ರಲ್ಲಿ ಅವನು ಬಿಟ್ಟುಕೊಟ್ಟ 'ದತ್ತ ಮಂಡಲ'ದಲ್ಲಿ ಸೇರಿ ಮದ್ರಾಸಿನ ಕೈಗೆ ಬಂತು. ಉಳಿದ ಮೈಸೂರಿನಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿ, ವರ್ಷಕ್ಕೆ ಏಳು ಲಕ್ಷ ವರಹ ಕೊಡುವ ಕರಾರು ಬರೆಸಿಕೊಂಡರು. ಅಜ್ಜ ಅಜ್ಜಿಯರನ್ನು ಕೇಳಿಬರಲು ಹೇಳಿ: 1956ಕ್ಕೆ ಮುಂಚೆ ನಿಮ್ಮೂರು ಯಾವ ರಾಜ್ಯದಲ್ಲಿತ್ತು?

6. ಆ ಪ್ರಶ್ನೆ ಬಂದಾಗ

ಬಂದೇ ಬರುತ್ತದೆ, ಒಳ್ಳೆಯವನಾ ಕೆಟ್ಟವನಾ ಎಂಬುದು. ತಪ್ಪಿಸಿಕೊಳ್ಳಬೇಡಿ, ತೀರ್ಪನ್ನೂ ಕೊಡಬೇಡಿ. ನಾನು ಒಂದು ಕಟ್ಟಳೆ ಇಟ್ಟಿದ್ದೇನೆ: ಯಾವ ವರ್ಷ, ಯಾವ ಊರು, ಯಾರ ಮನೆ, ಈ ಮೂರೂ ಹೇಳಿದವರು ಮಾತ್ರ ಮಾತಾಡಬಹುದು. 1784ರಲ್ಲಿ ಮಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದ ಕ್ರೈಸ್ತ ಕುಟುಂಬದ ಮನೆ. ಸೆರೆ ಹೋದ ಕೊಡವರ ಐನ್‌ಮನೆ. 1791ರಲ್ಲಿ ಮರಾಠಾ ದಂಡಿನವರು ಲೂಟಿ ಮಾಡಿದ ಶೃಂಗೇರಿ ಮಠ, ಅದರ ಜೀರ್ಣೋದ್ಧಾರಕ್ಕೆ ನೆರವು ಕೊಟ್ಟ ಟಿಪ್ಪುವಿನ ಪತ್ರಗಳು. ಒತ್ತೆ ಹೋದ ಇಬ್ಬರು ಹುಡುಗರ ತಾಯಂದಿರ ಮನೆ. ಎಲ್ಲವನ್ನೂ ಚೀಟಿಯಲ್ಲಿ ಬರೆದು ಭೂಪಟದ ಕೆಳಗೆ ಅಂಟಿಸಿ. ಗದ್ದಲ ನಿಲ್ಲುವುದಿಲ್ಲ, ಆದರೆ ಗದ್ದಲ ಮಾಡುವ ಮುಂಚೆ ಮಕ್ಕಳು ವರ್ಷ ಹುಡುಕುತ್ತಾರೆ.

7. ಒಂದು ಭಾನುವಾರ ಶ್ರೀರಂಗಪಟ್ಟಣ

ದರಿಯಾ ದೌಲತ್ ಅರಮನೆಯ ಪಡುವಣ ಗೋಡೆಯ ಮೇಲೆ, ಹೈದರ, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷರ ಕರ್ನಲ್ ಬೈಲಿ, ಹೊತ್ತಿ ಸಿಡಿಯುತ್ತಿರುವ ಮದ್ದಿನ ಗಾಡಿ, ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ. ಈ ಮೂರನ್ನು ಮಕ್ಕಳೇ ಹುಡುಕಲಿ. ಆಮೇಲೆ ಕೋಟೆ ಒಡೆದ ಜಾಗದಲ್ಲಿ ನಿಂತು ಕಾವೇರಿ ತೋರಿಸಿ, ಇಂಗ್ಲಿಷರು 1799ರ ಮೇ 4ರಂದೇ ಯಾಕೆ ನುಗ್ಗಿದರು ಎಂದು ಕೇಳಿ. ಮುಂಗಾರು ಹಿಡಿದರೆ ಹೊಳೆ ದಾಟಲಾಗುತ್ತಿರಲಿಲ್ಲ.

ಬಹಳ ಜನ ಗುಂಬಜ್ ನೋಡಿ ಊಟಕ್ಕೆ ಹೊರಡುತ್ತಾರೆ. ನೀವು ಹೊಳೆ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೂ ಹೋಗಿ. ಅಲ್ಲಿ ಡಿ ಮ್ಯೂರಾನ್ ಪಡೆಯವರ ಸಮಾಧಿಗಳಿವೆ. ಈಗಿನ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಕಟ್ಟಿದ ಪಡೆ. ಮೊದಲು ಡಚ್ಚರ ಸಂಬಳ, ಸಿಂಹಳದಲ್ಲಿ ಕಾವಲು. 1795ರಲ್ಲಿ ಇಂಗ್ಲಿಷರ ಸಂಬಳ, 1799ರಲ್ಲಿ ಇಲ್ಲಿ ಯುದ್ಧ. 1813ರಲ್ಲಿ ಉಳಿದವರನ್ನು ಕೆನಡಾಕ್ಕೆ, ಅಮೆರಿಕನ್ನರ ವಿರುದ್ಧ ಕಾದಲು ಕಳಿಸಿದರು.

ಹೋದ ಸಲ ನಮ್ಮ ಹುಡುಗನೊಬ್ಬ ಒಂದು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಪಾಚಿ ಉಜ್ಜಿ, ಇಸವಿ ಓದಿ, ಬೆರಳಲ್ಲಿ ಲೆಕ್ಕ ಹಾಕಿದ. ಆಮೇಲೆ ಕೆಂಪು ದಾರ ತಂದಿದ್ದೀರಾ ಮಿಸ್ ಅಂದ. ತಂದಿರಲಿಲ್ಲ. ಸೋಮವಾರ ಬೆಳಿಗ್ಗೆ ನಾನು ತರಗತಿಗೆ ಹೋಗುವಷ್ಟರಲ್ಲಿ ನ್ಯೂಶಾಟೆಲ್‌ನಿಂದ ಕೊಲಂಬೊಗೆ, ಕೊಲಂಬೊದಿಂದ ಶ್ರೀರಂಗಪಟ್ಟಣಕ್ಕೆ ದಾರ ಬಂದಿತ್ತು. ಅಲ್ಲಿಂದ ಮುಂದಕ್ಕೆ ಕೆನಡಾದವರೆಗೆ ಪೆನ್ಸಿಲಿನಲ್ಲಿ ಚುಕ್ಕಿ ಗೆರೆ ಎಳೆದಿದ್ದ.