ಇಬ್ಬರು ಎತ್ತಬಹುದಾದ ಮಣ್ಣಿನ ಭಟ್ಟಿ

ಕಲಬುರಗಿಯಲ್ಲಿ ನಾವಿರುವುದು ಬಾಡಿಗೆ ಮನೆಯಲ್ಲಿ. ಮನೆ ಬದಲಿಸಿದರೆ ಜೊತೆಗೆ ಒಯ್ಯುವಂತಿರಬೇಕು, ಮಳೆ ಬಂದರೆ ಸೂರಿನ ಕೆಳಗೆ ಸರಿಸುವಂತಿರಬೇಕು ಎಂದು ಬ್ರೆಡ್ ಬೇಯಿಸುವ ಮಣ್ಣಿನ ಭಟ್ಟಿಯನ್ನು ಬಿದಿರಿನ ಅಗಲ ಬುಟ್ಟಿಯಲ್ಲಿ ಕಟ್ಟಿದೆ.

ಮೊದಲು ಕಟ್ಟಿದ್ದು ಹೊಲದ ಎರೆ ಮಣ್ಣಿನಲ್ಲಿ. ನೀರುಂಡಾಗ ಉಬ್ಬಿ, ಒಣಗಿದಾಗ ಕುಗ್ಗುವುದು ಅದರ ಗುಣ. ಮೂರನೇ ದಿನಕ್ಕೆ ಗುಮ್ಮಟ ನೆತ್ತಿಯಿಂದ ಬಾಗಿಲವರೆಗೆ ಸೀಳಿತು. ಎರಡನೆಯ ಸಲ ಬೀದರ್ ಕಡೆಯ ಜಿಗುಟು ಕೆಂಪು ಮಣ್ಣನ್ನು ತರಿಸಿ, ಜರಡಿ ಹಿಡಿದು, ಎರಡು ಪಾಲು ಮರಳು ಸೇರಿಸಿ ತುಳಿದೆ. ಆ ಮಣ್ಣಿನ ಉಂಡೆಯನ್ನು ಎದೆಯೆತ್ತರದಿಂದ ಬಿಟ್ಟಾಗ ಅದು ಚಪ್ಪಟೆಯೂ ಆಗಬಾರದು, ಚೂರೂ ಆಗಬಾರದು.

ತಳಕ್ಕೆ ಶಹಾಬಾದ್ ಫರ್ಸಿ ಹಾಕುವ ಆಸೆ ನಮ್ಮ ಕಡೆಯವರಿಗೆ ಸಹಜವೇ, ಆದರೆ ಅದು ಸುಣ್ಣದ ಕಲ್ಲಾದ್ದರಿಂದ ನೇರ ಬೆಂಕಿಗೆ ಸಿಡಿಯಬಹುದು. ನಾನು ಚಪ್ಪಟೆಯಾದ ಸುಟ್ಟ ಹೆಂಚುಗಳನ್ನು ಹಾಸಿ, ಬಿದಿರು ಕರಕಾಗದಂತೆ ಅವುಗಳ ಕೆಳಗೆ 10 ಸೆಂ.ಮೀ. ಹೊಟ್ಟು ಬೆರೆಸಿದ ಮಣ್ಣು ತುಂಬಿದೆ.

ಒದ್ದೆ ಮರಳಿನ ಗುಡ್ಡೆಗೆ ನೆನೆಸಿದ ಪತ್ರಿಕೆಯ ಹಾಳೆ ಹೊದಿಸಿ, ಅದರ ಮೇಲೆ ಗುಮ್ಮಟ ಎಬ್ಬಿಸಿದೆ. ಒಳಗಿನ ಅಗಲ 40 ಸೆಂ.ಮೀ., ಎತ್ತರ 26. ಬಾಗಿಲು ಒಳಗಿನ ಎತ್ತರದ ಶೇ. 63ರಷ್ಟಿದ್ದರೆ ಗಾಳಿ ಸರಿಯಾಗಿ ಆಡುತ್ತದೆಂಬ ಲೆಕ್ಕದಲ್ಲಿ ಅದನ್ನು 16 ಸೆಂ.ಮೀ.ಗೆ ಕೊರೆದೆ.

ಭಾರ ಇಳಿದದ್ದು ಹೊರಪದರಿನಲ್ಲಿ. ಶಾಖ ಹಿಡಿದಿಡುವ ಒಳಪದರು ಕೇವಲ 3 ಸೆಂ.ಮೀ. ಅದರ ಮೇಲಿನ 5 ಸೆಂ.ಮೀ.ಗೆ ಮರಳನ್ನು ಪೂರ್ತಿ ಕೈಬಿಟ್ಟು, ಅಂಬಲಿ ಹದದ ಮಣ್ಣಿನ ರಾಡಿಯಲ್ಲಿ ತೊಗರಿ ಹೊಟ್ಟನ್ನೂ ಯಾದಗಿರಿ ಕಡೆಯ ಭತ್ತದ ಹೊಟ್ಟನ್ನೂ ಒಂದಕ್ಕೊಂದು ಅಂಟುವಷ್ಟು ಮಾತ್ರ ಒದ್ದೆ ಮಾಡಿ, ಹಿಡಿ ಹಿಡಿಯಾಗಿ ಮೆತ್ತಿದೆ. ಹೊಟ್ಟಿನ ನಡುವೆ ಸಿಕ್ಕಿಕೊಂಡ ಗಾಳಿಯೇ ಶಾಖವನ್ನು ತಡೆಯುತ್ತದೆ. ಒಳಪದರಿಗೆ ತಾಗಿದ ಹೊಟ್ಟು ಸುಟ್ಟುಹೋದರೂ ಅಲ್ಲಿ ಗಾಳಿಯ ಗೂಡುಗಳು ಉಳಿಯುವುದರಿಂದ ನಷ್ಟವೇನಿಲ್ಲ. ಇಲ್ಲಿ ರಾಡಿ ಹೆಚ್ಚಾದರೆ ಮಾಡಿದ ಶ್ರಮವೆಲ್ಲ ವ್ಯರ್ಥ.

ಏಪ್ರಿಲ್ ಬಿಸಿಲಿಗೆ ಒಮ್ಮೆಲೇ ಒಡ್ಡದೆ, ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಒಂದು ವಾರ ನಿಧಾನವಾಗಿ ಆರಿಸಿದೆ. ಮರಳು ತೆಗೆದ ಮೇಲೆ ನಾಲ್ಕು ದಿನ ತೊಗರಿ ಕಟ್ಟಿಗೆಯ ಸಣ್ಣ ಉರಿ ಹಾಕಿದೆ. ಕೂದಲೆಳೆಯಂಥ ಎರಡು ಬಿರುಕು ಬಿಟ್ಟವು, ಅದೇ ಮಣ್ಣಿನಿಂದ ಮುಚ್ಚಿದೆ.

ಕಾಟಾದ ಮೇಲಿಟ್ಟಾಗ ಬುಟ್ಟಿಯ ಸಮೇತ 55 ಕೆ.ಜಿ. ತೂಗಿತು. ಒಂದೂವರೆ ತಾಸು ಉರಿಸಿ, ಕೆಂಡ ಎಳೆದು, ನೆನೆಸಿದ ಹಲಗೆಯಿಂದ ಬಾಗಿಲು ಮುಚ್ಚಿದರೆ ಎರಡು ಗೋಧಿ ಬ್ರೆಡ್ ಬೇಯುತ್ತವೆ. ಅವು ಒಳಗೆ ಕೆಂಪಾಗುತ್ತಿರುವಾಗ ಗುಮ್ಮಟದ ಹೊರಮೈಗೆ ಅಂಗೈ ಒತ್ತಿದರೆ, ಆಗಷ್ಟೇ ಕರೆದ ಹಾಲಿನ ಚೊಂಬಿನಷ್ಟೇ ಬೆಚ್ಚಗಿರುತ್ತದೆ.