ನಮ್ಮೂರಿನ ‘ಬೆಟ್ಟ’ಕ್ಕೊಂದು ಟ್ಯಾಗ್

ಶಿರಸಿ ಕಡೆಯ ಅಡಿಕೆ ತೋಟದ ಬಗ್ಗೆ ಒಂದು ವೆಬ್ ಪುಟ ಮಾಡಿದ್ದೆ. ‘ಬೆಟ್ಟಕ್ಕೆ ಹೋಗಿ ಸೊಪ್ಪು ತಂದೆವು’ ಅಂತ ಒಂದು ಸಾಲಿತ್ತು. ಬೆಂಗಳೂರಿನ ಗೆಳೆಯ ಓದಿದವನೇ ಫೋನ್ ಮಾಡಿ, ‘ಅಲ್ಲಿ ಟ್ರೆಕ್ಕಿಂಗ್ ಮಾಡ್ಬಹುದಾ?’ ಎಂದ. ನಮ್ಮಲ್ಲಿ ಬೆಟ್ಟ ಅಂದರೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಬಿಟ್ಟ ಕಾಡು. ಅವನಿಗೇನು ಗೊತ್ತು!

ಹೀಗೆ ಅರ್ಥ ಹೇಳಬೇಕಾದ ಪದಕ್ಕೆಂದೇ ಎಚ್‌ಟಿಎಂಎಲ್‌ನಲ್ಲಿ, ಅಂದರೆ ವೆಬ್ ಪುಟ ಬರೆಯುವ ಭಾಷೆಯಲ್ಲಿ, ‘ಡಿಎಫ್‌ಎನ್’ ಟ್ಯಾಗ್ (ಪದದ ಹಿಂದೆ ಮುಂದೆ ಹಾಕುವ ಗುರುತು) ಇದೆ. ಕೋಡ್‌ನಲ್ಲಿ ಇದೇ ಮೂರು ಇಂಗ್ಲಿಷ್ ಅಕ್ಷರ.

ಮೊದಲು ಅರ್ಥ ಹೇಳುವ ವಾಕ್ಯ ಹುಡುಕಿ. ಅದರಲ್ಲಿ ಪದವನ್ನಷ್ಟೇ ಟ್ಯಾಗ್ ಒಳಗೆ ಹಾಕಿ, ಅರ್ಥ ಹೊರಗೇ ಇರಲಿ. ಆದರೆ ಅದೇ ಪ್ಯಾರಾದಲ್ಲಿ ಅಥವಾ ಅದೇ ವಿಭಾಗದಲ್ಲಿ ಇರಬೇಕು. ನಾನು ಮೊದಲ ಸಲ ಪುಟದಲ್ಲಿ ಬೆಟ್ಟ ಬಂದಲ್ಲೆಲ್ಲ ಟ್ಯಾಗ್ ಹಾಕಿದ್ದೆ. ಅದು ತಪ್ಪು. ಅರ್ಥ ಹೇಳಿದ ಜಾಗಕ್ಕೆ ಮಾತ್ರ ಈ ಟ್ಯಾಗ್.

ಉಳಿದ ಕಡೆ ಏನು ಮಾಡುವುದು? ಟ್ಯಾಗ್‌ಗೆ ಒಂದು ಐಡಿ (ಆ ಜಾಗವನ್ನು ಗುರುತಿಸುವ ಹೆಸರು) ಕೊಡಿ. ಬೇರೆಡೆ ಪದ ಬಂದಾಗ ಆ ಐಡಿಗೆ ಲಿಂಕ್ ಹಾಕಿ. ಒತ್ತಿದರೆ ಓದುಗ ಸೀದಾ ಅರ್ಥಕ್ಕೆ ಬರುತ್ತಾನೆ. ಐಡಿ ಕನ್ನಡದಲ್ಲೂ ಇರಬಹುದು, ನಡುವೆ ಸ್ಪೇಸ್ ಬೇಡ ಅಷ್ಟೇ.

ಇನ್ನು ಕನ್ನಡದ್ದೇ ಒಂದು ತಾಪತ್ರಯ. ಚಾಲಿ, ಗೋಟು ಎರಡೂ ಅಡಿಕೆಯ ಬಗೆಗಳು. ‘ಚಾಲಿ ಎಂದರೆ’ ಅಂತ ಬಿಡಿಸಿ ಬರೆದರೆ ಸಲೀಸು. ‘ಗೋಟೆಂದರೆ’ ಅಂತ ಕೂಡಿಸಿ ಬರೆದರೆ ಟ್ಯಾಗ್ ಎಲ್ಲಿ ಮುಚ್ಚುತ್ತೀರಿ? ‘ಟೆ’ಯನ್ನು ಅರ್ಧ ಕತ್ತರಿಸಲಾಗದು. ಒಂದೋ ಸಂಧಿ ಬಿಡಿಸಿ, ಇಲ್ಲವೇ ಇಡೀ ಪದವನ್ನು ಟ್ಯಾಗ್ ಒಳಗೆ ಹಾಕಿ, ಟೈಟಲ್ ಗುಣದಲ್ಲಿ (ಟ್ಯಾಗ್ ತೆರೆಯುವಲ್ಲೇ ಬರೆಯುವ ಮಾಹಿತಿ) ‘ಗೋಟು’ ಎಂದು ಕೊಡಿ. ಜಾಸ್ತಿ ಜನ ಎಡವುವುದು ಇಲ್ಲೇ: ಟೈಟಲ್‌ನಲ್ಲಿ ಅರ್ಥ ತುಂಬುತ್ತಾರೆ. ಅಲ್ಲಿರಬೇಕಾದ್ದು ಪದ, ಅರ್ಥವಲ್ಲ.

‘ಟಿಎಸ್‌ಎಸ್’ನಂಥ ಚುಟುಕು ಹೆಸರಾದರೆ ಡಿಎಫ್‌ಎನ್ ಒಳಗೆ ‘ಎಬಿಬಿಆರ್’ ಟ್ಯಾಗ್ ಇಟ್ಟು, ಅದರ ಟೈಟಲ್‌ಗೆ ‘ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ’ ಎಂದು ಪೂರ್ತಿ ಹೆಸರು ಕೊಡಿ.

ಚಾಲಿ, ರಾಶಿ, ಬೆಟ್ಟೆ (ಬೆಟ್ಟ ಅಲ್ಲ ಮತ್ತೆ, ಇದು ಅಡಿಕೆಯ ಬಗೆ!) ಹೀಗೆ ಪದಗಳ ಸಾಲೇ ಇದ್ದರೆ ‘ಡಿಎಲ್’ ಪಟ್ಟಿ ಒಳ್ಳೆಯದು. ಪದ ‘ಡಿಟಿ’ಯಲ್ಲಿ, ಅರ್ಥ ‘ಡಿಡಿ’ಯಲ್ಲಿ. ಡಿಟಿ ಅಂದರೆ ಸಾಲಿನ ತಲೆ ಅಷ್ಟೇ, ಪದಕ್ಕೆ ಇಲ್ಲಿ ಅರ್ಥ ಹೇಳಿದ್ದೇವೆ ಎಂದು ಅದೊಂದೇ ಸಾರುವುದಿಲ್ಲ. ಆದ್ದರಿಂದ ಪದಕ್ಕೆ ಡಿಎಫ್‌ಎನ್ ಕೂಡ ಹಾಕಿ.

ಕೊನೆಗೆ ಅಂದಚಂದ. ಬ್ರೌಸರ್‌ಗಳು ಸಾಮಾನ್ಯವಾಗಿ ಈ ಪದವನ್ನು ಓರೆ ಅಕ್ಷರದಲ್ಲಿ ತೋರಿಸುತ್ತವೆ. ಇಂಗ್ಲಿಷಿಗೆ ಸರಿ, ಆದರೆ ಕನ್ನಡ ಫಾಂಟುಗಳಲ್ಲಿ ಓರೆ ಅಕ್ಷರ ಇರುವುದೇ ಅಪರೂಪ. ಬ್ರೌಸರ್ ಸುಮ್ನೆ ಎಳೆದು ವಾಲಿಸುತ್ತದೆ, ಒತ್ತಕ್ಷರಗಳೆಲ್ಲ ಗಾಳಿಗೆ ಬಾಗಿದ ಅಡಿಕೆ ಮರದ ಹಾಗೆ ಕಾಣುತ್ತವೆ. ಪುಟದ ಅಂದ ಹೇಳುವ ಸಿಎಸ್‌ಎಸ್‌ ಭಾಷೆಯಲ್ಲಿ ಫಾಂಟ್ ಸ್ಟೈಲ್ ‘ನಾರ್ಮಲ್’ ಮಾಡಿ, ದಪ್ಪ 600 ಕೊಡಿ. ನನ್ನ ಪುಟದಲ್ಲಿ ‘ಬೆಟ್ಟ’ ಈಗ ನೆಟ್ಟಗೆ ನಿಂತಿದೆ.