ಆರಾಮಿದ್ದಾಗಲೇ ಮಾಡಿಸಿಕೊಳ್ಳಿ: ಕೊಲೈಟಿಸ್, ಕ್ರಾನ್ಸ್ ಇರುವವರಿಗೆ

ಸಂಡಾಸದಲ್ಲಿ ರಕ್ತ ಬಿದ್ದರೆ ಹುಬ್ಬಳ್ಳಿಗೆ ಓಡುತ್ತೇವೆ. ನಿಂತರೆ ದವಾಖಾನೆಯ ಫೈಲು ಅಲಮಾರು ಸೇರುತ್ತದೆ. ನನಗೆ ಅಲ್ಸರೇಟಿವ್ ಕೊಲೈಟಿಸ್ ಇದೆ, ಅಂದರೆ ದೊಡ್ಡ ಕರುಳಿಗೆ ಬಾವು ಬಂದು ಹುಣ್ಣಾಗುವ ಕಾಯಿಲೆ. ಕ್ರಾನ್ಸ್ ಕೂಡ ಕರುಳಿನ ಬಾವಿನ ಕಾಯಿಲೆಯೇ. ಮೊದಲು ನಾನೂ ಹೀಗೇ ಮಾಡುತ್ತಿದ್ದೆ. ಆದರೆ ಈ ಕಾಯಿಲೆಯಲ್ಲಿ ಎಷ್ಟೋ ಕೆಲಸ ಹೊಟ್ಟೆ ಆರಾಮಿದ್ದಾಗಲೇ ಮುಗಿಯಬೇಕು.

ಮೊದಲು ಟಿಬಿ ಮಾತು. ಈ ಕಾಯಿಲೆಗೆ ಕೊಡುವ ಇನ್ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಥರದ ಇಂಜೆಕ್ಷನ್ ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಒಳಗೆ ಸುಮ್ಮನೆ ಮಲಗಿದ್ದ ಟಿಬಿ ಆಗ ಎದ್ದು ಕೂರಬಹುದು. ಅದಕ್ಕೇ ಮೊದಲೇ ಎದೆಯ ಎಕ್ಸ್‌ರೇ, ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಅಥವಾ ರಕ್ತದ ಇಗ್ರಾ ಪರೀಕ್ಷೆ, ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸುತ್ತಾರೆ. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ ಡಾಕ್ಟರ್ ಮುಂದೆ ಮುಚ್ಚಿಡಬೇಡಿ. ಎಷ್ಟೇ ಹಳೆಯ ಮಾತಾದರೂ ಹೇಳಿ.

ಲಸಿಕೆಯೂ ಆಗಲೇ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಬೇಕು, ಅದು ಸೂಜಿಯದೇ ಇರಲಿ, ಮೂಗಿಗೆ ಹಾಕುವ ಜೀವಂತ ಲಸಿಕೆ ಬೇಡ. ನ್ಯುಮೋನಿಯಾದ್ದು, ಹೆಪಟೈಟಿಸ್ ಬಿಯದ್ದು, ಸರ್ಪಸುತ್ತಿನದ್ದು ನಿಮಗೆ ಯಾವಾಗ ಅಂತ ಕೇಳಿ. ಚಿಕನ್‌ಪಾಕ್ಸ್‌ನದ್ದು, ದಡಾರ-ಮಂಗಬಾವು-ರುಬೆಲ್ಲಾಗೆ ಕೊಡುವ ಎಂಎಂಆರ್ ಜೀವಂತ ಲಸಿಕೆಗಳು. ಬೇಕಿದ್ದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಶುರುವಾಗುವ ಕನಿಷ್ಠ 4 ವಾರ ಮೊದಲೇ ಹಾಕಿಸಬೇಕು, ಆಮೇಲೆ ಆಗುವುದಿಲ್ಲ.

ಕಾಯಿಲೆ ಶುರುವಾಗಿ 8 ವರ್ಷವಾದರೆ, ಏನೂ ತೊಂದರೆ ಇಲ್ಲದಿದ್ದರೂ, ಕ್ಯಾನ್ಸರ್ ಇದೆಯೇ ಎಂದು ನೋಡಲು ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ನಳಿಕೆ ಬಿಟ್ಟು ದೊಡ್ಡ ಕರುಳು ನೋಡುವ ಪರೀಕ್ಷೆ ಬೇಕು. ಆಮೇಲೆ ಅಪಾಯ ನೋಡಿ 1ರಿಂದ 5 ವರ್ಷಕ್ಕೊಮ್ಮೆ. ಬರೀ ಗುದನಾಳಕ್ಕೆ ಬಾವು ಇರುವವರಿಗೆ ಲೆಕ್ಕ ಬೇರೆ. ಪಿತ್ತನಾಳದ ಪಿಎಸ್‌ಸಿ ಕಾಯಿಲೆಯೂ ಇದ್ದವರು 8 ವರ್ಷ ಕಾಯಬಾರದು, ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಮಾಡಿಸಬೇಕು. ಹಾವೇರಿ, ಗದಗ ಕಡೆಯವರಿಗೆ ಒಂದು ಮಾತು: ಕೊಲೊನೋಸ್ಕೋಪಿಗೆ ಮೊದಲು ಹೊಟ್ಟೆ ಸ್ವಚ್ಛ ಮಾಡುವ ಔಷಧದ ನೀರು ಕುಡಿದು ಬೆಳಗಿನ ಬಸ್ಸು ಹತ್ತಿ ಬರುತ್ತೇನೆ ಅಂದುಕೊಳ್ಳಬೇಡಿ, ದಾರಿಯಲ್ಲಿ ತಡೆಯಲಾಗುವುದಿಲ್ಲ. ಹಿಂದಿನ ದಿನವೇ ಬಂದು ಬೀಗರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯಿರಿ, ಸಂಡಾಸ ಹತ್ತಿರವಿರಲಿ. ಮತ್ತು ಬರಿಸುವ ಇಂಜೆಕ್ಷನ್ ಕೊಡುತ್ತಾರೆ, ವಾಪಸ್ ಕರೆದೊಯ್ಯಲು ಒಬ್ಬರು ಬೇಕೇ ಬೇಕು.

ನೋವಿನ ಗುಳಿಗೆ ವಿಷಯದಲ್ಲಿ ನನಗೆ ಪೆಟ್ಟು ಬಿದ್ದಿದೆ. ಸೊಂಟ ಹಿಡಿದಿತ್ತು, ಅಂಗಡಿಯವರು ಕೊಟ್ಟ ಡೈಕ್ಲೋಫೆನಾಕ್ ನಾಲ್ಕು ದಿನ ನುಂಗಿದೆ, ವಾರದಲ್ಲಿ ರಕ್ತ ಶುರುವಾಯಿತು. ಇಬುಪ್ರೊಫೇನ್ ಕೂಡ ಅದೇ ಜಾತಿ. ಪ್ಯಾರಾಸಿಟಮಾಲ್ ಕೇಳಿ, ಕಾಯಿಲೆಯ ಹೆಸರನ್ನೂ ಅಂಗಡಿಯಲ್ಲಿ ಹೇಳಿ.

ಸ್ಟಿರಾಯ್ಡ್ 3 ತಿಂಗಳು ದಾಟಿದರೆ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್, ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಕೇಳಿ. ಸ್ಟಿರಾಯ್ಡನ್ನು ಮಾತ್ರ ಒಮ್ಮೆಲೇ ಬಿಡಬೇಡಿ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ಗುಳಿಗೆ ತಗೊಳ್ಳುವವರು ರಕ್ತಕಣ, ಲಿವರ್ ಪರೀಕ್ಷೆ ತಪ್ಪಿಸಬಾರದು. ಕರುಳಿನ ಬಾವಿಗೆ ಕೊಡುವ ಮೆಸಲಮೈನ್ ಇದ್ದರೆ ವರ್ಷಕ್ಕೊಮ್ಮೆಯಾದರೂ ಕಿಡ್ನಿಯ ಕ್ರಿಯಾಟಿನಿನ್ ನೋಡಿಸಿ. ಕ್ರಾನ್ಸ್ ಇದ್ದು ಬೀಡಿ, ಸಿಗರೇಟು ಸೇದುವವರು ಬಿಡಲೇಬೇಕು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತಗೊಳ್ಳುವ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ನೋಡುವ ಪ್ಯಾಪ್ ಪರೀಕ್ಷೆಯೂ ಬೇಕು. ನಾಚಿಕೆಯಿಂದ ಮುಂದೂಡುತ್ತಾರೆ, ಅವ್ವನೋ ಅಕ್ಕನೋ ಜೊತೆಗೆ ಹೋದರೆ ಸುಲಭ.

ಜೋಳದ ರೊಟ್ಟಿ ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಕರುಳು ಕಿರಿದಾಗಿದೆ ಅಂತ ಡಾಕ್ಟರ್ ಹೇಳದ ಹೊರತು, ಕಾಯಿಲೆ ಶಾಂತವಿದ್ದಾಗ ಸುಮ್ನೆ ಬಿಡಬೇಡಿ.

ದೊಡ್ಡ ದವಾಖಾನೆಯಲ್ಲಿ ಪ್ರತಿ ಸಲ ಬೇರೆ ಡಾಕ್ಟರ್ ಸಿಗಬಹುದು, ಅಲ್ವಾ? ಹಾಗಾಗಿ ಫೈಲಿನ ಮೊದಲ ಹಾಳೆಯಲ್ಲಿ ಕಾಯಿಲೆ ಶುರುವಾದ ವರ್ಷ, ಕೊನೆಯ ಕೊಲೊನೋಸ್ಕೋಪಿ, ಟಿಬಿ ಪರೀಕ್ಷೆ, ಹಾಕಿಸಿದ ಲಸಿಕೆಗಳ ತಾರೀಖು ಬರೆದಿಡಿ. ಕುಳಿತ ಕೂಡಲೇ ಅದನ್ನೇ ಅವರ ಮುಂದಿಡಿ.